ತಾತನ ವಾಚಿಗೆ ಬೆಲೆ ಕಟ್ಟೋದು ಹೇಗೆ?

 

ಹೋದ ವಾರ ಶ್ರೀನಿವಾಸಪುರದ ಗೆಳೆಯನೊಬ್ಬ ಫೋಟೊ ಕಳಿಸಿದ. ಅವರಪ್ಪನ ಎಚ್‌ಎಂಟಿ ಜನತಾ ವಾಚು. "ಒಬ್ಬರು ಸಾವಿರ ರೂಪಾಯಿಗೆ ಕೇಳ್ತಿದಾರೆ. ಫೀಸ್ ಕಟ್ಬೇಕು, ಕೊಟ್ಬಿಡ್ಲಾ?" ಅಂದ. "ಎರಡು ದಿನ ತಡಿಯೋ" ಅಂದೆ. ಯಾಕಂದ್ರೆ ಇಂಥದ್ದೇ ವಾಚನ್ನ ನಾನು ಕೈಯಾರೆ ಹಾಳು ಮಾಡಿದ್ದೀನಿ.

ನಮ್ಮ ತಾತ ಮಾಲೂರಲ್ಲಿ ಹೆಂಚಿನ ಕಾರ್ಖಾನೆಗೆ ಹೋಗ್ತಿದ್ರು. ಅವರ ಜನತಾ ವಾಚಿನ ಡಯಲ್ ಹಳದಿಯಾಗಿತ್ತು, ಅಂಚಲ್ಲಿ ಕೆಂಪು ಮಣ್ಣು ಕೂತಿತ್ತು. ಖುಷಿಪಡಲಿ ಅಂತ ಡಯಲ್‌ಗೆ ಹೊಸ ಬಣ್ಣ ಹಾಕಿಸ್ಕೊಂಡು ಬಂದೆ. ತಾತ ತಿರುಗಿಸಿ ತಿರುಗಿಸಿ ನೋಡಿ, "ಇದು ಯಾರ್ದಪ್ಪಾ?" ಅಂದ್ರು. ಆಮೇಲೆ ಅದನ್ನ ಕಟ್ಲೇ ಇಲ್ಲ.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ವಾಚ್ ಕಾರ್ಖಾನೆ ಶುರು ಮಾಡಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿತು. ಈಗ ಹಳೇ ವಾಚಿಗೆ ಗಿರಾಕಿಗಳಿದ್ದಾರೆ. ಹಾಗೇ ಬೇರೆ ಬೇರೆ ವಾಚಿನ ಭಾಗ ಜೋಡಿಸಿ, ಡಯಲ್‌ಗೆ ಬಣ್ಣ ಬಳಿದು ಮಾರೋರೂ ಇದ್ದಾರೆ.

ಅದಕ್ಕೇ ಮೊದಲು ಡಯಲ್ ನೋಡಿ. ಫೋನ್ ಕ್ಯಾಮೆರಾದಲ್ಲಿ ಝೂಮ್ ಮಾಡಿ. ಅಕ್ಷರ ದಪ್ಪ-ಸಣ್ಣ ಆಗಿದ್ರೆ, ಗಂಟೆಯ ಗೆರೆಗಳು ಸೊಟ್ಟ ಇದ್ರೆ, ಬಣ್ಣ ಬಳಿದಿರೋ ಸಾಧ್ಯತೆ ಹೆಚ್ಚು. ಮಾಸಿದ ಅಸಲಿ ಡಯಲ್‌ಗೆ ಹೊಳೆಯೋ ಹೊಸ ಬಣ್ಣಕ್ಕಿಂತ ಬೆಲೆ ಜಾಸ್ತಿ. ಗಾಜಿನ ಗೀರು ದೊಡ್ಡ ದೋಷ ಅಲ್ಲ. ಅದು ಪ್ಲಾಸ್ಟಿಕ್ ಥರದ ಗಾಜು, ಪಾಲಿಶ್ ಮಾಡಿದ್ರೆ ಹೋಗುತ್ತೆ.

ಆಮೇಲೆ ಕೀ ಕೊಡಿ. ನುಣ್ಣಗೆ ತಿರುಗಬೇಕು. ಬಿಗಿ ಆದ ತಕ್ಷಣ ನಿಲ್ಲಿಸಿ, ಬಲ ಹಾಕ್ಬೇಡಿ. ಕಿವಿ ಹತ್ರ ಇಟ್ರೆ ಸೆಕೆಂಡಿಗೆ ಐದು ಟಿಕ್, ಒಂದೇ ಲಯದಲ್ಲಿ ಕೇಳಬೇಕು. ಟಿಕ್ ಶಬ್ದ ಕೇಳಿಸ್ಕೊಂಡು ವೇಗ ಅಳೆಯೋ ಆ್ಯಪ್‌ಗಳೂ ಇವೆ. ಆದ್ರೆ ವಾಚನ್ನ ಫೋನ್ ಸ್ಪೀಕರ್ ಮೇಲೇ ಇಡಬೇಡಿ, ಅಲ್ಲಿ ಅಯಸ್ಕಾಂತ ಇರುತ್ತೆ. ಒಂದು ದಿನ ಬಿಟ್ಟು ಸಮಯ ಹೋಲಿಸಿ. ಒಂದೆರಡು ನಿಮಿಷ ಹಿಂದೆ-ಮುಂದೆ ಆದ್ರೆ ಗಾಬರಿ ಬೇಡ, ಸರ್ವಿಸ್ ಬೇಕು ಅಂತ ಅರ್ಥ.

ಹಿಂದಿನ ಮುಚ್ಚಳವನ್ನ ಚಾಕು ಹಾಕಿ ಎಬ್ಬಬೇಡಿ. ರಿಪೇರಿಯವರ ಹತ್ರ ತೆಗೆಸಿ, ಪಕ್ಕದಲ್ಲೇ ನಿಂತು ನೋಡಿ. ಒಳಗಿನ ಮಷಿನ್ ಮೇಲೆ ಎಚ್‌ಎಂಟಿ ಗುರುತು ಇದೆಯಾ? ತುಕ್ಕು ಹಿಡಿದಿದೆಯಾ? ಸ್ಕ್ರೂ ತಲೆಗಳು ಕಿತ್ತುಹೋಗಿವೆಯಾ? ಎಣ್ಣೆ ಒಣಗಿದ್ರೆ ಸರಿಮಾಡಬಹುದು, ತುಕ್ಕು ಒಳಗೆ ಇಳಿದಿದ್ರೆ ಖರ್ಚು ಜಾಸ್ತಿ.

ನಮ್ಮದು ಚಿನ್ನದ ಗಣಿ ಇದ್ದ ಜಿಲ್ಲೆ. ವಾಚು ಹಳದಿ ಇದ್ರೆ ಸಾಕು, "ಬಂಗಾರಾನಾ?" ಅಂತಾರೆ. ಅದು ಸಾಮಾನ್ಯವಾಗಿ ತೆಳು ಲೇಪ ಅಷ್ಟೆ. '17 ಜ್ಯುವೆಲ್ಸ್' ಅಂದ್ರೂ ಒಡವೆಗೆ ಹಾಕೋ ಹರಳಲ್ಲ. ಚಕ್ರದ ಅಚ್ಚು ಸವೆಯದಿರಲಿ ಅಂತ ಹಾಕಿದ ಕೃತಕ ಮಾಣಿಕ್ಯ.

ಇನ್ನು ರೇಟು. ಆನ್‌ಲೈನಲ್ಲಿ ಕೇಳ್ತಿರೋ ಬೆಲೆ ನಂಬಬೇಡಿ, ನಿಜವಾಗಿ ಮಾರಾಟ ಆದ ಬೆಲೆ ನೋಡಿ. ಜನತಾ ಲಕ್ಷಗಟ್ಟಲೆ ತಯಾರಾದ ವಾಚು, ಅದಕ್ಕೆ ಲಕ್ಷ ಬರಲ್ಲ.

ಗೆಳೆಯ ಎಲ್ಲಾ ನೋಡಿಸಿದ. ಡಯಲ್ ಅಸಲಿ, ತುಕ್ಕಿಲ್ಲ, ಎಣ್ಣೆ ಮಾತ್ರ ಒಣಗಿದೆ. "ಈಗ ಕೊಡ್ಲಾ?" ಅಂತ ಮತ್ತೆ ಕೇಳಿದ. ಕಷ್ಟಕ್ಕೆ ಮಾರೋದು ತಪ್ಪಲ್ಲ, ತಿಳ್ಕೊಂಡು ಮಾರು ಅಂದೆ. "ಅಪ್ಪನ್ನ ಕೇಳಿದ್ಯಾ?" ಅಂತ ನಾನೂ ಒಂದು ಪ್ರಶ್ನೆ ಕೇಳಿದೆ.

"ಇಲ್ಲ" ಅಂದ.

ಮೊದಲು ಅದನ್ನ ಮಾಡು ಅಂದೆ. ನಾನು ತಾತನ್ನ ಕೇಳಿರಲಿಲ್ಲ.