ಕಾಯುವ ಕೆಲಸ

ಚಿಕ್ಕಜಾಲದ ನಮ್ಮ ಮನೆಯ ಒಳಕೋಣೆಯಲ್ಲಿ ಒಂದು ಪುಟ್ಟ ಇನ್‌ಕ್ಯುಬೇಟರ್ ಇದೆ. ನನ್ನಾಕೆ ಅದನ್ನು ಕಾವುಪೆಟ್ಟಿಗೆ ಎನ್ನುತ್ತಾಳೆ. ನಾವು ಸಾಕಿರುವುದು ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯ ಹೇಂಟೆಗಳನ್ನು. ಸುಧಾರಿತ ತಳಿಗಳಲ್ಲಿ ಕಾವಿಗೆ ಕೂರುವ ಗುಣ ಮನುಷ್ಯನ ಆಯ್ಕೆಯಿಂದಲೇ ಬಹುಮಟ್ಟಿಗೆ ಅಳಿದಿದೆ. ತಾಯಿಯಿಂದ ನಾವು ಕಳೆದ ಕೆಲಸ ಹೀಗೆ ನಮ್ಮ ಪಾಲಿಗೇ ಬಂದಿತು.

ಕೆಲಸ ದೊಡ್ಡದೇನಲ್ಲ. ಶಾಖವು ಸುಮಾರು 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಬೇಕು. ತಟ್ಟೆಯ ನೀರು ಆರಬಾರದು. ಭ್ರೂಣ ಒಳಪೊರೆಗೆ ಅಂಟದಂತೆ ದಿನಕ್ಕೆ ಹಲವು ಬಾರಿ ಮೊಟ್ಟೆಗಳನ್ನು ಹೊರಳಿಸಬೇಕು. 18ನೆಯ ದಿನ ಹೊರಳಿಸುವುದೂ ನಿಲ್ಲುತ್ತದೆ. ಅಲ್ಲಿಂದ 21ನೆಯ ದಿನದವರೆಗೆ ಕೈಗೆ ಕೆಲಸವಿಲ್ಲ. ಕಷ್ಟ ಮೊದಲಾಗುವುದೇ ಆಗ.

ಮೊದಲ ಸಲ ನಾನು ತಪ್ಪಿದೆ. ಬೆಳಗ್ಗೆ ಒಂದು ಮೊಟ್ಟೆ ಬಿರುಕು ಬಿಟ್ಟಿತು. ಒಳಗಿನಿಂದ ಕ್ಷೀಣವಾದ ದನಿ. ಸಂಜೆಯಾದರೂ ಬಿರುಕು ಬೆಳೆಯಲಿಲ್ಲ. ಕನಿಕರಗೊಂಡು ಉಗುರಿನಿಂದ ಚಿಪ್ಪಿನ ಎರಡು ಚೂರು ತೆಗೆದೆ. ಪೊರೆಯಿಂದ ರಕ್ತ ಜಿನುಗಿತು. ಆ ಮರಿ ಉಳಿಯಲಿಲ್ಲ. ಆಮೇಲೆ ಓದಿ ತಿಳಿದೆ: ಆ ಹೊತ್ತಿನಲ್ಲಿ ಮರಿ ಸುಮ್ಮನಿರುವುದಿಲ್ಲ. ಪೊರೆಯ ನಾಳಗಳಲ್ಲಿರುವ ರಕ್ತವನ್ನು ಒಳಗೆಳೆದುಕೊಳ್ಳುತ್ತಿರುತ್ತದೆ. ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಸೇರಿಸಿಕೊಳ್ಳುತ್ತಿರುತ್ತದೆ. ಶ್ವಾಸಕೋಶದಿಂದ ಉಸಿರಾಡುವುದನ್ನು ರೂಢಿಸಿಕೊಳ್ಳುತ್ತಿರುತ್ತದೆ. ಬಿರುಕಿನಿಂದ ಬಿಡುಗಡೆಯವರೆಗೆ ಒಂದು ಹಗಲಿರುಳೇ ಹಿಡಿಯಬಹುದು. ನಾನು ಸೋಲೆಂದು ಬಗೆದದ್ದು ಅದರ ಸಿದ್ಧತೆಯಾಗಿತ್ತು.

ಕನ್ನಡದಲ್ಲಿ ಬಿಸಿಯಾಗುವುದೂ ಕಾಯುವುದೇ, ರಕ್ಷಿಸುವುದೂ ಕಾಯುವುದೇ, ಎದುರುನೋಡುವುದೂ ಕಾಯುವುದೇ. ಧಾತುಗಳು ಬೇರೆಯೆಂದು ಭಾಷಾಶಾಸ್ತ್ರಜ್ಞರು ಬಿಡಿಸಿಡಬಹುದು. ತರಗತಿಯಲ್ಲಿ ನಾನೂ ಬಿಡಿಸಿಟ್ಟವನೇ. ಆದರೆ ಕಾವಿಗೆ ಕುಳಿತ ಹೇಂಟೆಯಲ್ಲಿ ಈ ಮೂರೂ ಒಂದೇ ಕ್ರಿಯೆ. ಪೆಟ್ಟಿಗೆ ಬಲ್ಲುದು ಮೊದಲನೆಯದನ್ನು ಮಾತ್ರ.

ಎರಡನೆಯ ಸಲ, 20ನೆಯ ರಾತ್ರಿ ವಿದ್ಯುತ್ತು ಹೋಯಿತು. ಗಾಳಿಕಂಡಿಯನ್ನಷ್ಟೇ ಬಿಟ್ಟು ಪೆಟ್ಟಿಗೆಗೆ ಕಂಬಳಿ ಹೊದಿಸಿ, ಮುಚ್ಚಳ ತೆರೆಯದೆ ಪಕ್ಕದಲ್ಲೇ ಕುಳಿತೆವು. ಕತ್ತಲಲ್ಲಿ ಒಂದು ಮೊಟ್ಟೆಯೊಳಗಿಂದ ದನಿ ಕೇಳುತ್ತಿತ್ತು.

“ನೀವು ಹೋಗಿ ಮಲಗಿಕೊಳ್ಳಿ. ನಿಮ್ಮ ಕೈ ಸುಮ್ಮನಿರುವುದಿಲ್ಲ,” ಎಂದಳು ನನ್ನಾಕೆ.

ನಾನು ಏಳಲಿಲ್ಲ; ಕೈಕಟ್ಟಿ ಕುಳಿತೆ. ಉತ್ತರಕ್ಕಾಗಿ ತಡವರಿಸುತ್ತಿದ್ದ ವಿದ್ಯಾರ್ಥಿಗಳ ಮುಖಗಳು ನೆನಪಾದವು. ಅವರ ಬಾಯಿಂದ ಬರಬೇಕಿದ್ದ ಮಾತನ್ನು ಅವಸರದಿಂದ ನಾನೇ ಆಡಿ ಮುಗಿಸಿದ್ದು ಎಷ್ಟು ಸಲವೋ! ಅದನ್ನು ಅಂದು ಸಹಾಯವೆಂದೇ ತಿಳಿದಿದ್ದೆ.

ಅರ್ಧ ಗಂಟೆಯಲ್ಲಿ ದೀಪ ಬಂದಿತು. ಬೆಳಗಿನ ಜಾವ ಚಿಪ್ಪು ಸುತ್ತಲೂ ಬಿರಿದು, ತೊಯ್ದ ಮರಿಯೊಂದು ಹೊರಗುರುಳಿತು. ಮಧ್ಯಾಹ್ನದ ಹೊತ್ತಿಗೆ ಹತ್ತರಲ್ಲಿ ಏಳು ಮೊಟ್ಟೆಗಳು ಒಡೆದಿದ್ದವು. ಮರಿಗಳ ಕೊಕ್ಕಿನ ತುದಿಯಲ್ಲಿ, ಚಿಪ್ಪೊಡೆಯಲೆಂದೇ ಮೂಡಿದ್ದ ಒಂದೊಂದು ಪುಟ್ಟ ಬಿಳಿ ಮೊನೆಯಿತ್ತು. ಕೆಲವೇ ದಿನಗಳಲ್ಲಿ ಅದು ತಾನಾಗಿ ಉದುರಿಹೋಯಿತು.