ಮಾವನ ಕಾಲಲ್ಲಿ ಉಳಿದ ಕಬ್ಬಿಣ

(ಅಬು ಹಮೂರ್‌ನಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಶುಕ್ರವಾರ ಸಂಜೆ ಸೇರಿದ್ದ ಕನ್ನಡಿಗರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ. ಅಂದು ಬರಲಾಗದ ಬಳಗದವರು ಕೇಳಿದ್ದರಿಂದ ಇಲ್ಲಿ ಹಾಕುತ್ತಿದ್ದೇವೆ.)



ನನ್ನನ್ನು ಮಾತಾಡಲು ಕರೆದವರು "ಯೋಧರ ಬಗ್ಗೆ ಏನಾದರೂ ಹೇಳಿ, ಇಪ್ಪತ್ತು ನಿಮಿಷ ಸಾಕು" ಅಂದರು. ನಾನು ಸೈನಿಕನಲ್ಲ. ಇಲ್ಲಿ ಪೈಪ್‌ಲೈನ್ ಕೆಲಸದಲ್ಲಿರುವ ಒಬ್ಬ ಇಂಜಿನಿಯರ್. ಹಾಗಾಗಿ ಶೌರ್ಯದ ಭಾಷಣ ನನ್ನಿಂದ ಬರುವುದಿಲ್ಲ. ನನಗೆ ಗೊತ್ತಿರುವುದು ಒಂದು ಕಡತದ ಕಥೆ. ನನ್ನ ಸೋದರಮಾವನದು.

ಮೊದಲು ಒಂದು ಪ್ರಶ್ನೆ. ಈ ಕೋಣೆಯಲ್ಲಿ ಡಿಗ್ರಿ ಸರ್ಟಿಫಿಕೇಟ್ ಅಟೆಸ್ಟೇಷನ್ ಮಾಡಿಸದೆ ಕತಾರ್‌ಗೆ ಬಂದವರು ಎಷ್ಟು ಜನ? ಯಾರೂ ಕೈ ಎತ್ತುತ್ತಿಲ್ಲ. ವಿಶ್ವವಿದ್ಯಾಲಯದ ಸಹಿ, ರಾಜ್ಯ ಸರ್ಕಾರದ ಮೊಹರು, ದೆಹಲಿಯ ವಿದೇಶಾಂಗ ಇಲಾಖೆ, ಅಲ್ಲಿಂದ ಕತಾರ್ ರಾಯಭಾರ ಕಚೇರಿ, ಇಲ್ಲಿಗೆ ಬಂದ ಮೇಲೆ ಇನ್ನೊಂದು ಮೊಹರು. ನಾಲ್ಕು ವರ್ಷ ಓದಿದ್ದು ನಮ್ಮ ತಲೆಯಲ್ಲಿತ್ತು, ಆದರೆ ಆ ಕಾಗದದ ಹಿಂಬದಿ ತುಂಬುವವರೆಗೂ ನಾವು ಓದಿದವರಲ್ಲ. ಆಗ ಬೈದುಕೊಂಡಿದ್ದೇವೆ. ಆ ಬೈಗುಳವನ್ನು ಸ್ವಲ್ಪ ನೆನಪಿಟ್ಟುಕೊಂಡು ಕೇಳಿ.

ನಮ್ಮ ಮಾವನ ಊರು ಶನಿವಾರಸಂತೆ ಕಡೆ ಒಂದು ಹಳ್ಳಿ. ಕೊಡಗು ಜಿಲ್ಲೆಯಲ್ಲೇ ಇದ್ದರೂ ನಾವು ಮನೆಯಲ್ಲಿ ಕನ್ನಡ ಆಡುವವರು. ಮಾವ ಹತ್ತನೇ ಕ್ಲಾಸು ಮುಗಿಸಿ 1982ರಲ್ಲಿ ಸೇನೆಯ ಇಂಜಿನಿಯರ್ ಘಟಕವೊಂದಕ್ಕೆ ಸೇರಿದರು. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲದಲ್ಲಿ ಹೂತಿಟ್ಟ ಮೈನ್ ತೆಗೆಯುವುದು ಅವರ ಕೆಲಸ. 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಶಾಂತಿ ಕಾಯಲು ನಮ್ಮ ಸೈನ್ಯ ಅಲ್ಲಿಗೆ ಹೋಯಿತು. ಅಕ್ಟೋಬರ್ ಹೊತ್ತಿಗೆ ಶಾಂತಿ ಹೋಗಿ ಎಲ್‌ಟಿಟಿಇ ಜೊತೆ ಯುದ್ಧವೇ ಶುರುವಾಯಿತು. ಸೇನೆ ಅದಕ್ಕೆ ಇಟ್ಟ ಹೆಸರು ಆಪರೇಷನ್ ಪವನ್. ಜಾಫ್ನಾದ ಕಡೆಗೆ ಹೋಗುವ ಒಂದೊಂದು ರಸ್ತೆಯಲ್ಲೂ ಮೈನ್.

ಆ ತಿಂಗಳಲ್ಲೇ ಒಂದು ಬೆಳಗ್ಗೆ ಮಾವ ಕೂತಿದ್ದ ಲಾರಿಯ ಹಿಂದಿನ ಚಕ್ರದ ಕೆಳಗೆ ಮೈನ್ ಸಿಡಿಯಿತು. ಲಾರಿ ಪಲ್ಟಿಯಾಗಿ ಗದ್ದೆಗೆ ಬಿತ್ತು. ಮಾವನ ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು, ತೊಡೆಯಲ್ಲಿ ತೂತುಗಳಾದವು. ಜೊತೆಯಲ್ಲಿದ್ದ ಇಬ್ಬರು ಅಲ್ಲೇ ಹೋದರು. ಮಾವನಿಗೆ ನೆನಪಿರುವುದು ಬಾಯಲ್ಲಿ ತುಂಬಿಕೊಂಡ ಕೆಸರು, ಮತ್ತೆ ಯಾರೋ ವಿಜಾಪುರದ ಕನ್ನಡದಲ್ಲಿ "ಕಣ್ಣ ಮುಚ್ಚಬ್ಯಾಡಲೇ, ಮಾತಾಡ್ತಾ ಇರು" ಅಂತ ಕೂಗುತ್ತಿದ್ದದ್ದು. ವಿಮಾನದಲ್ಲಿ ಭಾರತಕ್ಕೆ ತಂದರು. ಆಸ್ಪತ್ರೆಯ ದಾಖಲಾತಿ ಬರೆಯುವವರ ಮುಂದೆ ಒಂದೇ ದಿನ ಎಷ್ಟು ಸ್ಟ್ರೆಚರ್ ಇದ್ದವೋ. ಯಾರೋ ಕೇಳಿದರು, ಏನಾಯಿತು? ಹೊತ್ತು ತಂದವರು ಯಾರೋ ಹೇಳಿದರು, ಲಾರಿ ಪಲ್ಟಿ. ಬರೆದುಕೊಂಡರು: ಕರ್ತವ್ಯದಲ್ಲಿದ್ದಾಗ ವಾಹನ ಅಪಘಾತ.

ಅಷ್ಟೇ. ಎಲ್ಲಾ ಕಥೆಯೂ ಆ ಮೂರು ಪದದ್ದು.

ಸೇನೆಯಲ್ಲಿ ಗಾಯಾಳುಗಳಲ್ಲಿ ಎರಡು ಜಾತಿ. ಶತ್ರುವಿನ ಕೈಯಿಂದ ಗಾಯಗೊಂಡವನು 'ಬ್ಯಾಟಲ್ ಕ್ಯಾಶುವಲ್ಟಿ'. ಬೇರೆ ಕಾರಣಕ್ಕೆ ಪೆಟ್ಟಾದವನು 'ಫಿಸಿಕಲ್ ಕ್ಯಾಶುವಲ್ಟಿ'. ಮೊದಲನೆಯವನಿಗೆ ಪರಾಕ್ರಮ ಪದಕ ಉಂಟು. 1973ರಲ್ಲಿ ಶುರುವಾದದ್ದು, ಶತ್ರುವಿನ ನೇರ ದಾಳಿಯಲ್ಲಿ ಗಾಯಗೊಂಡವರಿಗೆಂದೇ ಇರುವ ಪದಕ. ಬಿಳಿ ರಿಬ್ಬನ್, ನಡುವೆ ಒಂದು ಕೆಂಪು ಗೆರೆ. ಪಿಂಚಣಿ ಲೆಕ್ಕದಲ್ಲೂ ವ್ಯತ್ಯಾಸ ಉಂಟು. ಅಂಗವೈಕಲ್ಯದ ಕಾರಣಗಳನ್ನು ಎ ಯಿಂದ ಇ ವರೆಗೆ ಐದು ವರ್ಗ ಮಾಡಿದ್ದಾರೆ, ಯುದ್ಧದ ಗಾಯ ಇ ವರ್ಗಕ್ಕೆ ಬರುತ್ತದೆ, ಅದಕ್ಕೆ ಕೊಡುವ ಮೊತ್ತವೂ ಹೆಚ್ಚು. ಅಪಘಾತ ಅಂತ ಒಮ್ಮೆ ಬರೆದುಬಿಟ್ಟರೆ ಆ ಬಾಗಿಲು ಮುಚ್ಚಿದಂತೆ.

ಮಾವನಿಗೆ ಇದು ತಿಳಿದದ್ದೇ 1998ರಲ್ಲಿ, ನಿವೃತ್ತಿಯಾಗಿ ಕಾಗದ ಕೈಗೆ ಬಂದಾಗ. ಕಾಗದ ಇಂಗ್ಲಿಷಿನಲ್ಲಿ. ಅವರಿಗೆ ಓದಿ ಹೇಳಿದವರು ಊರಿನ ಒಬ್ಬ ಮೇಷ್ಟ್ರು. "ಏನಪ್ಪಾ, ಯುದ್ಧ ಅಂತಿದ್ದೆ, ಇಲ್ಲಿ ಆಕ್ಸಿಡೆಂಟ್ ಅಂತ ಐತಲ್ಲ" ಅಂದರಂತೆ. ಹಳ್ಳಿ ಅಂದ ಮೇಲೆ ಮಾತು ಹರಡಲು ಎಷ್ಟು ಹೊತ್ತು? ಒಂದು ಸ್ವಾತಂತ್ರ್ಯ ದಿನಾಚರಣೆಯಲ್ಲಿ ಶಾಲೆಯವರು ಪ್ರೀತಿಯಿಂದಲೇ ಕರೆದು ಶಾಲು ಹೊದಿಸಿ, ಮೈಕಿನಲ್ಲಿ "ಲಾರಿ ಅಪಘಾತದಲ್ಲಿ ಕಾಲು ಕಳೆದುಕೊಂಡ ಮಾಜಿ ಸೈನಿಕರು" ಅಂದರು. ಕಾಲೇನೂ ಕಳೆದುಕೊಂಡಿರಲಿಲ್ಲ, ಕುಂಟುತ್ತಿದ್ದರು ಅಷ್ಟೆ. ಆಮೇಲೆ ಮಾವ ಆ ಕಾರ್ಯಕ್ರಮಕ್ಕೆ ಹೋಗಲಿಲ್ಲ. ಅವತ್ತಿಡೀ ಕಾಫಿ ಗಿಡದ ನಡುವೆ ಏನೋ ಕೆಲಸ ಹುಡುಕಿಕೊಂಡು ಇದ್ದುಬಿಡುತ್ತಿದ್ದರು ಅಂತ ಅತ್ತೆ ಹೇಳುತ್ತಾರೆ.

ಕನ್ನಡದಲ್ಲಿ ಒಂದು ಅರ್ಜಿ ಬರೆದು ಸಂಬಂಧಪಟ್ಟ ಕಚೇರಿಗೆ ಕಳಿಸಿದರು. ಉತ್ತರ ಬರಲಿಲ್ಲ. ಯಾರ ಕೈಲೋ ಇಂಗ್ಲಿಷಿನಲ್ಲಿ ಬರೆಸಿ ಕಳಿಸಿದರು. ದಾಖಲೆಯಲ್ಲಿ ಇರುವುದೇ ಸರಿ ಅಂತ ಎರಡು ಸಾಲು ಬಂತು. ಅಲ್ಲಿಗೆ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ದೋಹಾದಿಂದ ರಜಕ್ಕೆ ಹೋದಾಗಲೆಲ್ಲ ಮಾವ ಆ ಪ್ಲಾಸ್ಟಿಕ್ ಫೈಲು ಹೊರಗೆ ತೆಗೆಯುತ್ತಿದ್ದರು, ನಾನು "ನೋಡೋಣ ಮಾವ" ಅನ್ನುತ್ತಿದ್ದೆ. ಹಾಗೆ ಎಷ್ಟು ರಜ ಕಳೆದೆನೋ.

ಇಲ್ಲಿ ಸ್ವಲ್ಪ ನಿಲ್ಲಿಸಿ, ನಿಮಗೆಲ್ಲ ಗೊತ್ತಿರುವ ಒಬ್ಬರ ವಿಷಯ ಹೇಳಬೇಕು. ಮಡಿಕೇರಿಗೆ ಹೋದವರು ಅವರ ಹೆಸರಿನ ವೃತ್ತ ನೋಡಿರುತ್ತೀರಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1932ರಲ್ಲಿ ಹುಟ್ಟಿದವರು, 1954ರಲ್ಲಿ ವಾಯುಪಡೆ ಸೇರಿದವರು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ ಹನ್ನೆರಡು ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಡಬೇಕಿತ್ತು. ನಾಯಕರು ವಿಂಗ್ ಕಮಾಂಡರ್ ತನೇಜಾ. ಆ ಹನ್ನೆರಡರಲ್ಲಿ ದೇವಯ್ಯನವರಿಲ್ಲ. ಯಾವುದಾದರೂ ವಿಮಾನ ಕೈಕೊಟ್ಟರೆ ಅದರ ಜಾಗಕ್ಕೆ ಅಂತ ಇಟ್ಟುಕೊಂಡಿದ್ದವರು. ಅವರು ಹೋದರು, ತಿರುಗಿ ಬರಲಿಲ್ಲ. ಏನಾಯಿತು ಅಂತ ನಮ್ಮ ಕಡೆ ಯಾರೂ ಕಂಡಿರಲಿಲ್ಲ. ನಾಪತ್ತೆ ಅಂತ ಬರೆದುಕೊಂಡರು.

1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಆ ಯುದ್ಧದ ಬಗ್ಗೆ ಪುಸ್ತಕ ಬರೆದ. ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಬರೆದದ್ದು. ಅದರಲ್ಲಿ ಆ ಬೆಳಗ್ಗೆ ಒಂದು ಮಿಸ್ಟೇರ್ ಪೆಟ್ಟು ತಿಂದ ಮೇಲೂ ಓಡಿಹೋಗದೆ ತಿರುಗಿ ಬಿದ್ದು, ತನಗಿಂತ ಬಹಳ ವೇಗದ ಅಮೆರಿಕದ ಸ್ಟಾರ್‌ಫೈಟರ್ ವಿಮಾನವನ್ನೇ ಹೊಡೆದುರುಳಿಸಿದ ಸಂಗತಿ ಇತ್ತು. ಸ್ಟಾರ್‌ಫೈಟರ್ ಹಾರಿಸುತ್ತಿದ್ದ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ್ದರು. ನಮ್ಮವರು ಲೆಕ್ಕ ಹಾಕಿ ನೋಡಿದಾಗ ಆ ಮಿಸ್ಟೇರ್ ದೇವಯ್ಯನವರದೇ. ತನೇಜಾ ಅದನ್ನು ಬಿಡದೆ ಹಿಂದೆ ಬಿದ್ದರು. 1988ರಲ್ಲಿ ಮಹಾವೀರ ಚಕ್ರ ಬಂತು, ಪತ್ನಿ ಸುಂದರಿ ದೇವಯ್ಯ ಸ್ವೀಕರಿಸಿದರು. ಯುದ್ಧ ಮುಗಿದು 23 ವರ್ಷ.

ಸಾಕ್ಷಿ ಹೇಳಿದವರು ಯಾರು ನೋಡಿ. ಶತ್ರು! ಫ್ರಿಕರ್ ಆ ಪುಸ್ತಕ ಬರೆಯದಿದ್ದರೆ, ತನೇಜಾ ತಮ್ಮ ಹುಡುಗನನ್ನು ಮರೆತುಬಿಟ್ಟಿದ್ದರೆ, ಇವತ್ತಿಗೂ ಆ ಕಡತದಲ್ಲಿ 'ನಾಪತ್ತೆ' ಎಂದೇ ಇರುತ್ತಿತ್ತು. 2025ರ ಜನವರಿಯಲ್ಲಿ ಅವರ ಕಥೆಯಿಂದ ಪ್ರೇರಣೆ ಪಡೆದ ಹಿಂದಿ ಸಿನಿಮಾ 'ಸ್ಕೈ ಫೋರ್ಸ್' ಬಂತು. ಅದರಲ್ಲಿ ನಾಯಕನ ಹೆಸರೇ ಬೇರೆ. ಕೊಡವ ಗುರುತೂ ಉಳಿಯಲಿಲ್ಲ ಅಂತ ಕೊಡಗಿನವರು ಬೇಸರ ಪಟ್ಟರು. ಚಕ್ರ ಸಿಗಲು 23 ವರ್ಷ ಆಯಿತು, ಪರದೆ ಮೇಲೆ ಸ್ವಂತ ಹೆಸರು ಸಿಗಲು ಇನ್ನೆಷ್ಟು ಬೇಕೋ.

ನಮ್ಮ ಬೆಳಗಾವಿಗೆ ಪಕ್ಕದ ಸಾಂಗ್ಲಿಯ ಮುರಳಿಕಾಂತ್ ಪೇಟ್ಕರ್ ಅವರದೂ ಹೀಗೇ. 1965ರ ಯುದ್ಧದಲ್ಲಿ ಗುಂಡು ತಿಂದು ಸೊಂಟದ ಕೆಳಗೆ ಶಕ್ತಿ ಕಳೆದುಕೊಂಡವರು, 1972ರಲ್ಲಿ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು. ಪದ್ಮಶ್ರೀ ಬಂದದ್ದು 2018ರಲ್ಲಿ, ಅರ್ಜುನ ಪ್ರಶಸ್ತಿ 2025ರ ಜನವರಿಯಲ್ಲಿ. ಅಷ್ಟು ದಿನ ಬದುಕಿದ್ದದ್ದೇ ಅವರ ಪುಣ್ಯ.

ಮಾವನ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷದ ಹಿಂದೆ ಬೆನ್ನು ನೋವು ಅಂತ ಹಾಸನಕ್ಕೆ ಹೋದರು. ಡಾಕ್ಟರು ಎಂಆರ್‌ಐ ಮಾಡಿಸಿ ಅಂದರು. ಒಳಗೆ ಬಿಡುವ ಮುಂಚೆ ಟೆಕ್ನಿಷಿಯನ್ ಹುಡುಗಿ ಎಲ್ಲರನ್ನೂ ಕೇಳುವ ಹಾಗೆ ಕೇಳಿದಳು: "ಮೈಯಲ್ಲಿ ಎಲ್ಲಾದರೂ ಲೋಹ ಇದೆಯಾ ತಾತ?" ಮಾವ "ಇರಬಹುದು ಕಣಮ್ಮ, ಸಿಲೋನಿಂದು" ಅಂದರು. ಆ ಹುಡುಗಿ ತಮಾಷೆ ಅಂದುಕೊಳ್ಳದೆ ಎಕ್ಸ್‌ರೇಗೆ ಕಳಿಸಿದಳು. ತೊಡೆಯಲ್ಲಿ ಏಳು ಚೂರು, ಅವಲಕ್ಕಿ ಗಾತ್ರದವು. ಎಂಆರ್‌ಐ ಆಗಲಿಲ್ಲ, ಬೆನ್ನು ನೋವೂ ಹೋಗಲಿಲ್ಲ. ಆದರೆ ಆ ಎಕ್ಸ್‌ರೇ ಫೋಟೋ ವಾಟ್ಸಾಪ್‌ನಲ್ಲಿ ಬಂದಾಗ ನಾನು ಸಲ್ವಾ ರೋಡಿನ ಟ್ರಾಫಿಕ್ಕಿನಲ್ಲಿ ನಿಂತಿದ್ದೆ. ನಾನು ಇಂಜಿನಿಯರ್, ಲಾರಿ ಪಲ್ಟಿಯಾದರೆ ಏನೇನು ಮುರಿಯುತ್ತದೆ ಅಂತ ಗೊತ್ತು. ಸಿಡಿದ ಕಬ್ಬಿಣದ ಚೂರು ಕೆಳಗಿನಿಂದ ಮೇಲಕ್ಕೆ ತೊಡೆಗೆ ಹೊಕ್ಕುವುದಿಲ್ಲ.

ಅವತ್ತಿನಿಂದ "ನೋಡೋಣ" ಬಿಟ್ಟೆ.

ಮಾಡಿದ್ದು ಏನೂ ದೊಡ್ಡದಲ್ಲ, ನಾವು ಆಫೀಸಿನಲ್ಲಿ ದಿನವೂ ಮಾಡುವುದೇ. ಮೊದಲು ಮಾಹಿತಿ ಹಕ್ಕಿನ ಅರ್ಜಿ. ಇದನ್ನು ಗಮನವಿಟ್ಟು ಕೇಳಿ. 2005ರ ಆ ಕಾಯ್ದೆ, ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಹಾಕುವ ಪ್ರದೇಶದ ಆಡಳಿತ ಭಾಷೆಯಲ್ಲಿ ಕೊಡಬಹುದು ಅನ್ನುತ್ತದೆ. ಅಂದರೆ ಕನ್ನಡದಲ್ಲಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಮಾವ ತಮ್ಮ ಕೈಬರಹದಲ್ಲಿ, ಕನ್ನಡದಲ್ಲಿ, ತಮ್ಮದೇ ವೈದ್ಯಕೀಯ ಮಂಡಳಿಯ ಕಡತದ ನಕಲು ಕೇಳಿದರು. ಇಪ್ಪತ್ತು ವರ್ಷದ ಹಿಂದೆ ಉತ್ತರ ಸಿಗದ ಅದೇ ಕನ್ನಡಕ್ಕೆ ಈ ಸಲ ಉತ್ತರ ಬಂತು. ನಕಲಿನ ನಡುವೆ ಶಸ್ತ್ರಚಿಕಿತ್ಸೆ ಮಾಡಿದವರ ಒಂದು ಟಿಪ್ಪಣಿ ಇತ್ತು: ಎಡತೊಡೆಯಿಂದ ಲೋಹದ ಚೂರು ತೆಗೆಯಲಾಯಿತು, ಕೆಲವನ್ನು ಬಿಡಲಾಗಿದೆ. 1987ರದ್ದು! ದಾಖಲಾತಿ ಪುಟದಲ್ಲಿ ಅಪಘಾತ, ಎರಡು ಹಾಳೆ ದಾಟಿದರೆ ಲೋಹದ ಚೂರು. ಎರಡನ್ನೂ ಒಟ್ಟಿಗೆ ಯಾರೂ ಓದಿರಲಿಲ್ಲ.

ಆಮೇಲೆ ಸಾಕ್ಷಿಗಳು. ಲಾರಿಯಲ್ಲಿದ್ದು ಬದುಕಿದವರು ಇನ್ನಿಬ್ಬರು. ಒಬ್ಬರ ಮನೆ ಪತ್ತೆಯಾಗಿ ಫೋನ್ ಮಾಡಿದಾಗ ಅವರ ಮಗ ಎತ್ತಿದ, "ಅಪ್ಪ ಹೋಗಿ ಎರಡು ತಿಂಗಳಾಯ್ತು ಸರ್" ಅಂದ. ನನ್ನ ಎಷ್ಟು ರಜ ಅಂತ ಆಗ ಎಣಿಸಿದೆ. ಇನ್ನೊಬ್ಬರೇ ಆ ವಿಜಾಪುರದವರು. ಇಂಡಿ ತಾಲ್ಲೂಕಿನಲ್ಲಿ ನಿಂಬೆ ತೋಟ ಮಾಡಿಕೊಂಡಿದ್ದಾರೆ. ವಿಡಿಯೋ ಕಾಲ್‌ನಲ್ಲಿ ಮಾವನನ್ನು ನೋಡಿ ಮೊದಲು ಅಂದದ್ದು, "ಇನ್ನೂ ಮಾತಾಡ್ತಿಯೇನಲೇ?" ಇಬ್ಬರೂ ಅತ್ತದ್ದು ಬೇರೆ ಮಾತು. ಅವರು ನೋಟರಿ ಮುಂದೆ ಅಫಿಡವಿಟ್ ಕೊಟ್ಟರು. ಸತ್ತ ಇಬ್ಬರ ಹೆಸರು ಯುದ್ಧದಲ್ಲಿ ಮಡಿದವರ ಪಟ್ಟಿಯಲ್ಲೇ ಇದೆ. ಒಂದೇ ಲಾರಿ, ಒಂದೇ ಸಿಡಿತ. ಸತ್ತವರು ಯುದ್ಧದಲ್ಲಿ ಸತ್ತರು, ಬದುಕಿದವನಿಗೆ ಅಪಘಾತ.

ಶ್ರೀಲಂಕಾದಲ್ಲಿ ನಮ್ಮ ಸುಮಾರು 1,200 ಸೈನಿಕರು ಸತ್ತರು. ಗಾಯಗೊಂಡವರು ಅದಕ್ಕಿಂತ ಹೆಚ್ಚು. 1990ರ ಮಾರ್ಚ್‌ನಲ್ಲಿ ವಾಪಸ್ ಬಂದಾಗ ಸ್ವಾಗತಕ್ಕಿಂತ ರಾಜಕೀಯವೇ ಜೋರಾಗಿತ್ತು. ಅವರ ಹೆಸರು ಕೆತ್ತಿದ ಸ್ಮಾರಕವನ್ನು ಶ್ರೀಲಂಕಾ ಕೊಲಂಬೊ ಬಳಿ ಕಟ್ಟಿತು, ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆದದ್ದು ಅದಾದ ಎಷ್ಟೋ ವರ್ಷದ ಮೇಲೆ, 2019ರಲ್ಲಿ. ಕಾರ್ಗಿಲ್ ಅಂದರೆ ನಮ್ಮ ಮಕ್ಕಳಿಗೂ ಗೊತ್ತು. ಜಾಫ್ನಾ ಅಂದರೆ ಗೂಗಲ್ ಮಾಡಬೇಕು.

ಕಚೇರಿ ಒಪ್ಪದಿದ್ದರೆ ಮುಂದೇನು? ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆ, 2009ರಲ್ಲಿ ಕೆಲಸ ಶುರು. ಪೀಠಗಳನ್ನು ಹಂಚುವಾಗ ಚೆನ್ನೈಗೆ ಕೊಟ್ಟರು, ಕೊಚ್ಚಿಗೆ ಕೊಟ್ಟರು. ಇಷ್ಟು ಸೇನಾ ಕೇಂದ್ರಗಳಿರುವ ಬೆಂಗಳೂರಿಗೆ ಕೊಡಲಿಲ್ಲ. ಕುಂಟುವ ಕಾಲಿನ ಮನುಷ್ಯ ಶನಿವಾರಸಂತೆಯಿಂದ ಹೊರರಾಜ್ಯದ ಪೀಠಕ್ಕೆ ತನ್ನ ಕಾಲಿನ ಕಥೆ ಹೇಳಬೇಕು. ನಮ್ಮ ಬಳಗ ಇಷ್ಟೊಂದು ವಿಷಯಕ್ಕೆ ಮಿಂಚೆ ಬರೆಯುತ್ತದೆ, ಇದಕ್ಕೂ ನಮ್ಮ ಸಂಸದರಿಗೆ ಒಂದೊಂದು ಬರೆಯಬಹುದು ಅಂತ ನನ್ನ ಅನಿಸಿಕೆ.

ಸದ್ಯಕ್ಕೆ ಮಾವನ ಅರ್ಜಿ ಎಲ್ಲಿದೆ ಅಂತ ಕೇಳುತ್ತೀರಿ. ಕಳೆದ ತಿಂಗಳು ಪತ್ರ ಬಂತು: ಗಾಯದ ವರ್ಗೀಕರಣ ಮರುಪರಿಶೀಲನೆಯಲ್ಲಿದೆ. ಪದಕ ಬಂದಿಲ್ಲ. ಬರುತ್ತದೋ ಇಲ್ಲವೋ ನಾನು ಮಾತು ಕೊಡಲಾರೆ. ಮಾವ ಆ ಪತ್ರವನ್ನೇ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದಾರೆ. ಫೋನ್ ಮಾಡಿದಾಗ "ಪಿಂಚಣಿ ಹೆಚ್ಚಾದರೆ ನಿಮ್ಮತ್ತೆಗೆ ಕೊಡ್ತೀನಿ, ರಿಬ್ಬನ್ ಮಾತ್ರ ನನಗೆ" ಅಂದರು. ಈ ಆಗಸ್ಟ್‌ನಲ್ಲಿ ಶಾಲೆಗೆ ಹೋಗುತ್ತೀರಾ ಅಂತ ಕೇಳಿದೆ. "ಕಾಗದ ಬರಲಿ" ಅಂದರು.

ಇಲ್ಲಿರುವವರಲ್ಲಿ ಯಾರ ಮನೆಯಲ್ಲಾದರೂ ಅಪ್ಪನೋ, ಚಿಕ್ಕಪ್ಪನೋ, ಮಾವನೋ ಸೇನೆಯಲ್ಲಿದ್ದವರು ಇದ್ದರೆ, ಅವರ ಹತ್ತಿರ ಹೀಗೊಂದು ಪ್ಲಾಸ್ಟಿಕ್ ಫೈಲು ಇದ್ದರೆ, ಊಟ ಆದ ಮೇಲೆ ನನ್ನ ಹತ್ತಿರ ಬನ್ನಿ. ಮಾಹಿತಿ ಹಕ್ಕಿನ ಅರ್ಜಿಯ ಕನ್ನಡ ನಮೂನೆ ನನ್ನ ಫೋನಿನಲ್ಲಿದೆ, ಇಲ್ಲೇ ಕಳಿಸುತ್ತೇನೆ. ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳಿವೆ, ಅಲ್ಲಿಗೆ ಹೋಗುವಾಗ ಏನೇನು ಕಾಗದ ಒಯ್ಯಬೇಕು ಅಂತಲೂ ಬರೆದಿಟ್ಟುಕೊಂಡಿದ್ದೇನೆ. ಅಡುಗೆಮನೆಯಿಂದ ಆಗಲೇ ಎರಡು ಸಲ ಸನ್ನೆ ಮಾಡಿದರು. ಬಿಸಿಬೇಳೆಬಾತ್ ಆರುತ್ತಿದೆಯಂತೆ.