ಗರ್ಭಿಣಿಯರು ಹೇಳಿಕೊಳ್ಳದ ತೊಂದರೆಗಳು



ಬಸಿರಿಯ ಆರೈಕೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಮಾತಿಗೇನೂ ಬಡತನವಿಲ್ಲ. ಅವಳ ಬಯಕೆಯನ್ನು ವಿಚಾರಿಸುವವರುಂಟು. ಸೀಮಂತದ ದಿನ ಮಡಿಲು ತುಂಬುವವರುಂಟು. ಏನನ್ನು ಉಣ್ಣಬೇಕು, ಯಾವ ಮಗ್ಗುಲಿಗೆ ಮಲಗಬೇಕು ಎಂದು ಬುದ್ಧಿ ಹೇಳುವವರು ಬೀದಿಗೆ ಹತ್ತು ಮಂದಿ. ಆದರೆ ಅದೇ ಹೆಣ್ಣುಮಗಳಿಗೆ ಮೂತ್ರವಿಸರ್ಜನೆಯ ಕಾಲದಲ್ಲಿ ಉರಿಯುಂಟೇ, ಗುಹ್ಯಭಾಗದಲ್ಲಿ ತುರಿಕೆಯುಂಟೇ, ಉಟ್ಟ ಬಟ್ಟೆಯಲ್ಲಿ ಕಲೆ ಕಾಣುತ್ತಿದೆಯೇ ಎಂದು ಕೇಳುವವರು ಎಷ್ಟು ಜನ? ಅವಳಾಗಿ ಹೇಳಲಾರಳು, ನಾವಾಗಿ ಕೇಳಲಾರೆವು. ಈ ಎರಡು ಮೌನಗಳ ನಡುವೆ, ಮೂರು ದಿನದ ಔಷಧದಿಂದ ಹೋಗಬಹುದಾದ ರೋಗವು ಮೂರು ತಿಂಗಳು ಬೆಳೆಯುತ್ತದೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತರಬೇಕಾಗುವುದು ಹೀಗೆಯೇ.

ನಾನು ವೈದ್ಯಳಲ್ಲ, ಕಾಲೇಜಿನಲ್ಲಿ ಜೀವಶಾಸ್ತ್ರವನ್ನು ಬೋಧಿಸುವವಳು. ಚಿಕಿತ್ಸೆಯನ್ನು ವಿಧಿಸುವ ಅಧಿಕಾರ ನನಗಿಲ್ಲ. ಗರ್ಭ ಧರಿಸಿದಾಗ ಈ ಭಾಗಗಳಲ್ಲಿ ಯಾವ ಬದಲಾವಣೆಗಳು ಸ್ವಾಭಾವಿಕ, ಯಾವುವು ವ್ಯಾಧಿಯ ಲಕ್ಷಣ, ಯಾವುದಕ್ಕೆ ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು ಎಂಬುದನ್ನು ತಿಳಿಸುವುದಷ್ಟೇ ಇಂದಿನ ನನ್ನ ಉದ್ದೇಶ.

ಮೊದಲು ಬಿಳಿಸೆರಗಿನ ವಿಚಾರ. ಗರ್ಭಿಣಿಯರಲ್ಲಿ ತೆಳುವಾದ, ಬಿಳುಪಾದ ಸ್ರಾವವು ಹೆಚ್ಚುವುದು ಸಹಜ. ಇದನ್ನು ಕಂಡು ಹೆದರಬೇಕಾದುದಿಲ್ಲ. ೧೮೯೨ರಲ್ಲಿ ಆಲ್ಬರ್ಟ್ ಡೋಡರ್ಲೈನ್ ಎಂಬ ಜರ್ಮನ್ ವೈದ್ಯನು ಆರೋಗ್ಯವಂತ ಸ್ತ್ರೀಯರ ಯೋನಿಮಾರ್ಗದಲ್ಲಿ ಒಂದು ಬಗೆಯ ಸೂಕ್ಷ್ಮಜೀವಿಗಳು ನೆಲೆಸಿರುವುದನ್ನು ವರ್ಣಿಸಿದನು. ಇವು ನಮ್ಮ ಮನೆಯಲ್ಲಿ ಹಾಲನ್ನು ಮೊಸರು ಮಾಡುವ ಜೀವಿಗಳ ಬಳಗಕ್ಕೇ ಸೇರಿದವು. ಹೆಪ್ಪು ಹಾಕಿದ ಹಾಲು ಹುಳಿಯಾಗುವಂತೆ, ಇವು ಅಲ್ಲಿ ಒಂದು ಮಿತವಾದ ಹುಳಿಯನ್ನು ಉಂಟುಮಾಡುತ್ತವೆ. ಆ ಹುಳಿಯಲ್ಲಿ ಅನೇಕ ರೋಗಾಣುಗಳು ಬದುಕಲಾರವು. ಎಂದರೆ ಪ್ರಕೃತಿಯೇ ಆ ಬಾಗಿಲಿಗೆ ಕಾವಲಿಟ್ಟಿದೆ. ಶುಚಿತ್ವದ ಹೆಸರಿನಲ್ಲಿ ಒಳಭಾಗವನ್ನು ಸಾಬೂನಿನಿಂದಲೋ ಔಷಧದ ನೀರಿನಿಂದಲೋ ತೊಳೆಯುವವರು ಈ ಕಾವಲುಗಾರರನ್ನೇ ಹೊರದೂಡುತ್ತಾರೆ. ಹೊರಭಾಗವನ್ನು ಶುದ್ಧವಾದ ನೀರಿನಿಂದ ತೊಳೆದು, ಒರಸಿ, ಬಿಸಿಲಿನಲ್ಲಿ ಒಣಗಿದ ಸಡಿಲವಾದ ಹತ್ತಿಯ ಬಟ್ಟೆಯನ್ನು ಉಟ್ಟರೆ ಸಾಕು. ಒಳಭಾಗವು ತನ್ನನ್ನು ತಾನೇ ಶುಚಿಮಾಡಿಕೊಳ್ಳುತ್ತದೆ.

ಆದರೆ ಈ ಸ್ರಾವದ ಸ್ವರೂಪ ಬದಲಾಯಿತೆಂದರೆ ಎಚ್ಚರಗೊಳ್ಳಬೇಕು. ಒಡೆದ ಮೊಸರಿನ ಗರಣೆಯಂತೆ ಗಟ್ಟಿಯಾಗಿ, ಸಹಿಸಲಾಗದ ತುರಿಕೆಯೂ ಕೆಂಪೂ ಕೂಡಿಕೊಂಡರೆ ಅದು ಬಹುಮಟ್ಟಿಗೆ ಕ್ಯಾಂಡಿಡಾ ಎಂಬ ಬೂಷ್ಟಿನ ಉಪಟಳ. ಬಸುರಿನಲ್ಲಿ ಇದು ಬಹು ಸಾಮಾನ್ಯ. ನಡತೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಸಕ್ಕರೆಯ ಕಾಯಿಲೆಯಿದ್ದವರಿಗೆ ಮತ್ತೆ ಮತ್ತೆ ಬರುವುದರಿಂದ ರಕ್ತದ ಸಕ್ಕರೆಯನ್ನೂ ಪರೀಕ್ಷಿಸುವುದು ಯುಕ್ತ. ಒಳಗಿಡುವ ಕ್ಲೋಟ್ರಿಮಜೋಲ್ ಮಾತ್ರೆಯಿಂದಲೋ ಲೇಪದಿಂದಲೋ ಇದು ಸಾಮಾನ್ಯವಾಗಿ ಒಂದು ವಾರದಲ್ಲಿ ಗುಣವಾಗುತ್ತದೆ. ಇದೇ ರೋಗಕ್ಕೆ ಬೇರೆ ಕಾಲದಲ್ಲಿ ಕೊಡುವ ನುಂಗುವ ಮಾತ್ರೆಯನ್ನು ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆದುದರಿಂದ ನೆರೆಮನೆಯವರಿಗೆ ಒಪ್ಪಿದ ಔಷಧವನ್ನು ಕೇಳಿ ತಂದು ನುಂಗಬಾರದು. ಸ್ರಾವವು ಬೂದುಬಣ್ಣಕ್ಕೆ ತಿರುಗಿ ಮೀನಿನ ವಾಸನೆ ಬಂದರೂ, ಹಳದಿ ಅಥವಾ ಹಸಿರುಬಣ್ಣವಾದರೂ ವೈದ್ಯರಿಗೆ ತೋರಿಸಲೇಬೇಕು. ಇಂಥ ಕೆಲವು ಸೋಂಕುಗಳಿಗೂ ದಿನ ತುಂಬುವ ಮೊದಲೇ ಹೆರಿಗೆಯಾಗುವುದಕ್ಕೂ ಸಂಬಂಧವುಂಟು.

ಎರಡನೆಯದು ಮೂತ್ರದ ತೊಂದರೆ. ಗರ್ಭಾಶಯವು ಮೂತ್ರಕೋಶವನ್ನು ಒತ್ತುವುದರಿಂದ ಪದೇ ಪದೇ ಹೋಗಬೇಕೆನ್ನಿಸುವುದು ಸಹಜ, ಉರಿಯುವುದು ಸಹಜವಲ್ಲ. ಗರ್ಭಕಾಲದ ರಸಗಳು ಮೂತ್ರನಾಳಗಳನ್ನು ಸಡಿಲಗೊಳಿಸುತ್ತವೆ. ಮೂತ್ರವು ನಿಧಾನವಾಗಿ ಹರಿಯುತ್ತದೆ. ನಿಂತ ನೀರಿನಲ್ಲಿ ಪಾಚಿ ಕಟ್ಟುವಂತೆ ಅಲ್ಲಿ ರೋಗಾಣುಗಳು ವೃದ್ಧಿಯಾಗುತ್ತವೆ. ಇದಕ್ಕಿಂತಲೂ ಗಮನಿಸತಕ್ಕ ಸಂಗತಿ ಮತ್ತೊಂದಿದೆ. ನೂರು ಗರ್ಭಿಣಿಯರಲ್ಲಿ ೨ರಿಂದ ೧೦ ಮಂದಿಗೆ ಉರಿಯಾಗಲಿ ನೋವಾಗಲಿ ಇಲ್ಲದೆಯೇ ಮೂತ್ರದಲ್ಲಿ ರೋಗಾಣುಗಳಿರುತ್ತವೆ. ಚಿಕಿತ್ಸೆಯಾಗದಿದ್ದರೆ ಅಂಥವರಲ್ಲಿ ಹೆಚ್ಚುಕಡಮೆ ಕಾಲುಭಾಗದಷ್ಟು ಜನರಿಗೆ ಸೋಂಕು ಮೇಲೇರಿ ಮೂತ್ರಪಿಂಡವನ್ನು ಹಿಡಿಯಬಹುದು. ಆಗ ಚಳಿಜ್ವರ, ಸೊಂಟದ ಮೇಲ್ಭಾಗದ ನೋವು, ವಾಂತಿ. ತಾಯಿಗೂ ಶಿಶುವಿಗೂ ಅಪಾಯ. ಆದುದರಿಂದಲೇ ತಪಾಸಣೆಗೆ ಹೋದಾಗ, ತನಗೇನೂ ಆಗಿಲ್ಲವೆಂದು ತೋರಿದರೂ, ಮೂತ್ರಪರೀಕ್ಷೆಯನ್ನು ತಪ್ಪಿಸಬಾರದು. ಕೊಟ್ಟ ಔಷಧವನ್ನು ಉರಿ ನಿಂತೊಡನೆ ಬಿಡದೆ, ಹೇಳಿದಷ್ಟು ದಿನ ಪೂರ್ತಿಯಾಗಿ ಸೇವಿಸಬೇಕು. ಟೆಟ್ರಾಸೈಕ್ಲಿನ್‌ನಂಥ ಔಷಧಗಳು ಹುಟ್ಟುವ ಮಗುವಿನ ಹಲ್ಲಿಗೆ ಕಲೆ ತರುತ್ತವೆ. ಬಸಿರೆಂಬುದನ್ನು ಮೊದಲು ತಿಳಿಸಿಯೇ ಔಷಧವನ್ನು ಪಡೆಯಬೇಕು.

ಇಲ್ಲಿ ಮನೆಯ ಗಂಡಸರಿಗೆ ಒಂದು ಮಾತು. ಹಗಲು ಹೊರಗೆ ಹೋಗಲು ಮರೆಯಿಲ್ಲವೆಂದು, ಪ್ರಯಾಣದಲ್ಲಿ ಅನುಕೂಲವಿಲ್ಲವೆಂದು, ಕೆಲಸದ ಸ್ಥಳದಲ್ಲಿ ಕೇಳಲು ನಾಚಿಕೆಯೆಂದು ನೀರನ್ನೇ ಕುಡಿಯದೆ ಕಾಲ ಕಳೆಯುವ ಗರ್ಭಿಣಿಯರು ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ‘ನೀರು ಕುಡಿ’ ಎಂದು ಉಪದೇಶಿಸುವುದು ಸುಲಭ. ಮರೆಯುಳ್ಳ, ದೀಪವುಳ್ಳ, ನೀರುಳ್ಳ ಒಂದು ಶೌಚಗೃಹವನ್ನು ಒದಗಿಸಿಕೊಟ್ಟು ಆ ಮೇಲೆ ಉಪದೇಶಿಸಿದರೆ ಅದು ಸಾರ್ಥಕ.

ಮೂರನೆಯದು ಮಲಬದ್ಧತೆ ಮತ್ತು ಮೂಲವ್ಯಾಧಿ. ಗರ್ಭಕಾಲದಲ್ಲಿ ಕರುಳಿನ ಚಲನೆ ಮಂದವಾಗುತ್ತದೆ. ಗರ್ಭದ ಭಾರದಿಂದ ಕೆಳಗಿನ ರಕ್ತನಾಳಗಳು ಉಬ್ಬುತ್ತವೆ. ರಾಗಿ, ಸೊಪ್ಪು, ಕಾಳು, ಹಣ್ಣು, ಸಾಕಷ್ಟು ನೀರು, ಮಿತವಾದ ನಡಿಗೆ ಇವು ಮೊದಲನೆಯ ಮದ್ದು. ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಸ್ವಲ್ಪ ಹೊತ್ತು ಕುಳಿತರೆ ನೋವು ಶಮನವಾಗುವುದು. ಸರ್ಕಾರದ ವತಿಯಿಂದ ೧೮೦ ದಿನಗಳಿಗೆಂದು ಕೊಡುವ ಕಬ್ಬಿಣಾಂಶದ ಮಾತ್ರೆಗಳಿಂದ ಮಲವು ಕಪ್ಪಾಗುವುದುಂಟು. ಅದಕ್ಕೆ ಬೆದರಿ ಮಾತ್ರೆಯನ್ನು ಹಿತ್ತಲಿಗೆ ಎಸೆಯಬಾರದು; ಹೆರಿಗೆಯಲ್ಲಿ ನಷ್ಟವಾಗುವ ರಕ್ತಕ್ಕೆ ಅದು ಮುಂಗಡವಾಗಿ ಕೂಡಿಟ್ಟ ಗಂಟು. ಮಲದಲ್ಲಿ ಕೆಂಪುರಕ್ತ ಕಂಡರೆ ಮಾತ್ರ, ಮೂಲವ್ಯಾಧಿಯೇ ಇರಬೇಕೆಂದು ತಾನೇ ತೀರ್ಮಾನಿಸದೆ, ವೈದ್ಯರಿಗೆ ಹೇಳಬೇಕು.

ಕೆಮ್ಮಿದಾಗ, ಸೀನಿದಾಗ, ನಕ್ಕಾಗ ಮೂತ್ರವು ಹನಿಯುವುದನ್ನು ಅನೇಕರು ವಿಧಿಯೆಂದು ಸಹಿಸುತ್ತಾರೆ. ಇದಕ್ಕೆ ಸುಲಭವಾದ ಸಾಧನೆಯೊಂದುಂಟು. ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗಲ್ ೧೯೪೮ರಲ್ಲಿ ಇದನ್ನು ಪ್ರಚುರಪಡಿಸಿದನು. ಮೂತ್ರವನ್ನು ತಡೆಯುವಾಗ ಬಿಗಿಯುವ ಮಾಂಸಖಂಡಗಳನ್ನು ಕೆಲವು ಕ್ಷಣ ಬಿಗಿಹಿಡಿದು, ಅಷ್ಟೇ ಹೊತ್ತು ಸಡಿಲಬಿಡುವುದು. ಹೀಗೆ ಒಂದು ಸಲಕ್ಕೆ ೮ರಿಂದ ೧೦ ಬಾರಿ, ದಿನಕ್ಕೆ ಮೂರು ಸಲ. ಕುಳಿತಲ್ಲೇ, ಅಕ್ಕಿ ಆರಿಸುತ್ತಲೇ ಮಾಡಬಹುದು, ಪಕ್ಕದಲ್ಲಿದ್ದವರಿಗೂ ತಿಳಿಯದು.

ದಾಂಪತ್ಯದ ವಿಷಯದಲ್ಲಿಯೂ ಸಂದೇಹಗಳುಂಟು. ತೊಡಕಿಲ್ಲದ ಗರ್ಭದಲ್ಲಿ ಪತಿಪತ್ನಿಯರ ಸಮಾಗಮದಿಂದ ಶಿಶುವಿಗೆ ಹಾನಿಯಿಲ್ಲ; ಗರ್ಭಜಲವೂ ಗರ್ಭಾಶಯದ ಬಾಯಿಯೂ ಅದನ್ನು ರಕ್ಷಿಸುತ್ತವೆ. ಆದರೆ ರಕ್ತಸ್ರಾವವಿದ್ದರೆ, ನೀರು ಒಡೆದಿದ್ದರೆ, ಮಾಸು ಕೆಳಗೆ ಕುಳಿತಿದೆಯೆಂದು ಪರೀಕ್ಷೆಯಲ್ಲಿ ತಿಳಿದುಬಂದಿದ್ದರೆ, ವೈದ್ಯರು ಬೇಡವೆಂದಿದ್ದರೆ, ಅದನ್ನು ವರ್ಜಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅವಳಿಗೆ ಇಷ್ಟವಿಲ್ಲವೆಂಬುದೇ ಸಾಕಾದ ಕಾರಣ.

ಇನ್ನು ತಡಮಾಡಬಾರದ ಲಕ್ಷಣಗಳು. ಯಾವ ತಿಂಗಳಲ್ಲಾದರೂ ರಕ್ತ ಕಾಣಿಸುವುದು. ತಡೆಯಲಾಗದಂತೆ ನೀರು ಸುರಿಯುವುದು ಅಥವಾ ಬಟ್ಟೆ ನೆನೆಯುತ್ತಲೇ ಇರುವುದು. ಜ್ವರದೊಡನೆ ಹೊಟ್ಟೆ ಅಥವಾ ಪಕ್ಕೆಯ ನೋವು. ೩೭ ವಾರ ತುಂಬುವ ಮೊದಲೇ ಹೊಟ್ಟೆ ಬಿಗಿದು ಬಿಗಿದು ನೋಯುವುದು. ಮಗುವಿನ ಚಲನೆ ಕುಂದುವುದು. ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆಂದು, ಅಮಾವಾಸ್ಯೆಯೆಂದು, ಯಜಮಾನರು ಊರಿನಲ್ಲಿಲ್ಲವೆಂದು ಕಾಯಬಾರದು. ಒಂದು ಶುದ್ಧವಾದ ಬಟ್ಟೆಯನ್ನಿಟ್ಟುಕೊಂಡು, ಹೊತ್ತು ಎಷ್ಟು, ಬಣ್ಣವೇನು ಎಂಬುದನ್ನು ಗುರುತಿಟ್ಟುಕೊಂಡು, ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೊರಡಬೇಕು. ರಕ್ತಸ್ರಾವವಾಗುತ್ತಿರುವಾಗ ಮನೆಯಲ್ಲಿ ಯಾರೂ ಒಳಗೆ ಕೈಯಿಟ್ಟು ಪರೀಕ್ಷಿಸಕೂಡದು. ಮಾಸು ಕೆಳಗಿದ್ದರೆ ಅದರಿಂದಲೇ ಪ್ರಾಣಾಪಾಯವಾದೀತು.

ನೀವು ಕೇಳಬಹುದು: ಇದನ್ನೆಲ್ಲ ಬಾಯಿಬಿಟ್ಟು ಹೇಳುವುದು ಹೇಗೆ? ಲಜ್ಜೆ ನಮ್ಮ ಹೆಣ್ಣುಮಕ್ಕಳ ದೋಷವೆಂದು ನಾನು ಹೇಳುವುದಿಲ್ಲ. ದೋಷವಿರುವುದು ಮಾತು ಕಲಿಸದ ನಮ್ಮಲ್ಲಿ. ಕೈಕಾಲು ನೋವಿಗೆ ನೂರು ಮಾತು ಕಲಿಸಿದೆವು. ಈ ನೋವಿಗೆ ಒಂದನ್ನೂ ಕಲಿಸಲಿಲ್ಲ. ಅವಳು ವೈದ್ಯರ ಮುಂದೆ ‘ಸ್ವಲ್ಪ ಹೊಟ್ಟೆನೋವು’ ಎನ್ನುತ್ತಾಳೆ. ಹೊಟ್ಟೆನೋವಿಗೆ ಮದ್ದು ಪಡೆದು ಬರುತ್ತಾಳೆ. ಇದ್ದ ರೋಗ ಇದ್ದಲ್ಲೇ ಇರುತ್ತದೆ. ಬಣ್ಣ, ವಾಸನೆ, ತುರಿಕೆ, ಉರಿ, ಎಷ್ಟು ದಿನದಿಂದ: ಈ ಐದನ್ನು ಹೇಳಿದರೆ ವೈದ್ಯರ ಕೆಲಸದಲ್ಲಿ ಅರ್ಧವಾಯಿತು. ಬಾಯಲ್ಲಿ ಆಡಲಾರದಿದ್ದರೆ ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನೊಳಗಿಟ್ಟು ಕೊಡಲಿ. ಬರೆಯಲು ಬಾರದಿದ್ದರೆ ಊರಿನ ಆಶಾ ಕಾರ್ಯಕರ್ತೆಯ ಕಿವಿಯಲ್ಲಿ ಹೇಳಲಿ. ೨೦೧೬ರಿಂದ ಪ್ರತಿ ತಿಂಗಳ ೯ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯ ಏರ್ಪಾಡಿದೆ. ಅಂದು ಅವಳು ವೈದ್ಯರೊಡನೆ ಏಕಾಂತವಾಗಿ ಮಾತನಾಡಲೆಂದು, ಜೊತೆಗೆ ಹೋದವರು ಐದು ನಿಮಿಷ ಹೊರಗೆ ನಿಲ್ಲಲಿ.

ಅತ್ತೆಯರೇ, ತಾಯಂದಿರೇ, ಬಸಿರಿಯನ್ನು ‘ಏನು ತಿಂದೆ?’ ಎಂದು ಕೇಳುವ ಪ್ರೀತಿಯಲ್ಲಿಯೇ ‘ಉರಿಯಿದೆಯೇನಮ್ಮ?’ ಎಂದೂ ಒಮ್ಮೆ ಕೇಳಿರಿ. ಉತ್ತರ ಮೊದಲ ದಿನವೇ ಬಾರದಿರಬಹುದು. ಕೇಳುವವರಿದ್ದಾರೆಂಬುದು ಅವಳಿಗೆ ತಿಳಿದರೆ, ಬೇಕಾದ ದಿನ ಅವಳೇ ಬಂದು ಹೇಳುವಳು.